ಮುದಿ ನಾಯಿಗೊಂದು ಮನೆ ಬೇಕು

ಕಷ್ಟದ ಬದುಕನ್ನು ನಾವು ‘ನಾಯಿಪಾಡು’ ಎಂದು ಕರೆಯುತ್ತೇವೆ. ಆದರೆ ನಾಯಿಗಳ ಪಾಡೂ ಒಂದೇ ಬಗೆಯದಲ್ಲ. ಯಾವುದಾದರೂ ಪ್ರಾಣಿ ಆಶ್ರಯ ಕೇಂದ್ರಕ್ಕೆ ಒಂದು ಭಾನುವಾರ ಹೋಗಿ ನೋಡಿ. ಮರಿಗಳ ಗೂಡಿನ ಮುಂದೆ ಮಕ್ಕಳ ಗುಂಪು, ಹಿಂದೆ ಅಪ್ಪ, ಅಮ್ಮ. ‘ಇದು ಬೇಡ, ಆ ಕಂದು ಬಣ್ಣದ್ದು’ ಎಂಬ ಗಲಾಟೆ. ನಾಲ್ಕು ಗೂಡು ಆಚೆಗೆ, ಮೂತಿಯ ಕೂದಲು ಬೆಳ್ಳಗಾದ ನಾಯಿಯೊಂದು ಮಲಗಿರುತ್ತದೆ. ಹೆಜ್ಜೆ ಸಪ್ಪಳ ಕೇಳಿದರೆ ತಲೆ ಎತ್ತುತ್ತದೆ. ಬಾಲ ಎರಡು ಸಲ ನೆಲಕ್ಕೆ ಬಡಿಯುತ್ತದೆ. ಯಾರೂ ನಿಲ್ಲದಿದ್ದರೆ ತಲೆಯನ್ನು ಮತ್ತೆ ಮುಂಗಾಲಿನ ಮೇಲಿಡುತ್ತದೆ.

ಇವು ಇಲ್ಲಿಗೆ ಬಂದದ್ದು ಹೇಗೆ? ಕೆಲವು ಬೀದಿಯಲ್ಲೇ ಹುಟ್ಟಿ ಬೆಳೆದು, ಯಾವುದೋ ವಾಹನಕ್ಕೆ ಸಿಕ್ಕಿ ಬಂದವು. ಆದರೆ ಕುತ್ತಿಗೆಯ ಮೇಲೆ ಬೆಲ್ಟಿನ ಗುರುತು ಇನ್ನೂ ಮಾಸದವೂ ಇವೆ. ‘ಕೂತ್ಕೋ’ ಎಂದರೆ ಕೂರುತ್ತವೆ, ಕೈ ಚಾಚಿದರೆ ಮುಂಗಾಲು ಕೊಡುತ್ತವೆ. ಒಂದು ಕಾಲದಲ್ಲಿ ಇವು ಯಾರದೋ ಮನೆಯ ಸೋಫಾದ ಮೇಲೆ ಮಲಗಿದ್ದ ನಾಯಿಗಳು.

ಇಲ್ಲೊಂದು ಸಣ್ಣ ಲೆಕ್ಕವಿದೆ, ಹೆತ್ತವರು ಮಕ್ಕಳ ಜತೆ ಕೂತು ಮಾಡಬೇಕಾದ ಲೆಕ್ಕ. ನಾಲ್ಕನೇ ತರಗತಿಯ ಮಗು ಹಟ ಹಿಡಿಯಿತೆಂದು ಲ್ಯಾಬ್ರಡಾರ್ ಮರಿ ತಂದಿರಿ ಎನ್ನಿ. ಮಗು ಎಸ್ಸೆಸ್ಸೆಲ್ಸಿ ತಲುಪುವಾಗ ನಾಯಿಗೆ 6 ವರ್ಷ. ಸಿಇಟಿ ಬರೆಯುವಾಗ 8. ದೊಡ್ಡ ತಳಿಯ ನಾಯಿಗಳಿಗೆ 7-8 ವರ್ಷಕ್ಕೇ ಮುಪ್ಪು ಆರಂಭವಾಗುತ್ತದೆ. ಕೀಲು ಹಿಡಿಯುತ್ತದೆ, ಹಲ್ಲು ಅಲುಗುತ್ತದೆ, ಔಷಧಿಯ ಚೀಟಿ ಉದ್ದವಾಗುತ್ತದೆ. ಸರಿಯಾಗಿ ಆ ಹೊತ್ತಿಗೇ ಮಗ ಅಥವಾ ಮಗಳು ಹಾಸ್ಟೆಲಿಗೆ ಹೊರಡುತ್ತಾರೆ. ನಾಯಿ ಬೇಕೆಂದು ಅತ್ತವರು ಮನೆಯಲ್ಲಿಲ್ಲದ ಕಾಲವೂ, ನಾಯಿಗೆ ಹೆಚ್ಚು ಆರೈಕೆ ಬೇಕಾದ ಕಾಲವೂ ಒಂದೇ. ಜತೆಗೆ ಅಪ್ಪನಿಗೆ ವರ್ಗವಾದರೆ, ಹೊಸ ಬಾಡಿಗೆ ಮನೆಯ ಮಾಲೀಕರು ಒಪ್ಪದಿದ್ದರೆ ಮುಗಿಯಿತು. ಇದನ್ನು ಕ್ರೌರ್ಯ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಬಹುಪಾಲು ಸಂದರ್ಭಗಳಲ್ಲಿ ಅದು ಲೆಕ್ಕ ಹಾಕದ ಮನೆಯ ಕಥೆ.

ದಂಡ ಹತ್ತು ರೂಪಾಯಿ!

ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಸಕಾರಣವಿಲ್ಲದೆ ತೊರೆದುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯಿದೆ ಹೇಳುವ ದಂಡ 10 ರೂಪಾಯಿಗೆ ಕಡಿಮೆಯಿಲ್ಲದಂತೆ, 50 ರೂಪಾಯಿಗೆ ಮೀರದಂತೆ. ಇಂದು ಒಂದು ಪೊಟ್ಟಣ ನಾಯಿ ಬಿಸ್ಕತ್ತೂ ಆ ದುಡ್ಡಿಗೆ ಬರುವುದು ಕಷ್ಟ.

ನಮ್ಮ ನಾಡಿನಲ್ಲಿ ನಾಯಿಗೆ ಇದಕ್ಕಿಂತ ಹೆಚ್ಚಿನ ಬೆಲೆ ಕಟ್ಟಿದವರಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗ ‘ಬೇಕಾದದ್ದು ಕೇಳು’ ಎಂದಾಗ ಆತ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಗಲಲಿ ಎಂದೂ ಬರೆಸಿದರು! ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಶಾಲೆಯ ಪ್ರವಾಸದಲ್ಲಿ ಮಕ್ಕಳು ಅದರ ಮುಂದೆ ಎರಡು ನಿಮಿಷ ನಿಲ್ಲಬಹುದು.

ಸಕ್ಕರೆ ಕಾಯಿಲೆಯ ರಾಜ

ಮುಪ್ಪಿನ ಜತೆ ಕಾಯಿಲೆಯೂ ಸೇರಿದರೆ ಮನೆ ಸಿಗುವುದು ಇನ್ನೂ ಕಷ್ಟ. ಮಾತಿಗೆ ಒಂದು ನಾಯಿಯನ್ನು ಊಹಿಸಿಕೊಳ್ಳೋಣ. ಹೆಸರು ರಾಜ, ಲ್ಯಾಬ್ರಡಾರ್, 10 ವರ್ಷ, ಸಕ್ಕರೆ ಕಾಯಿಲೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಸಕ್ಕರೆ ಕಾಯಿಲೆಯ ಬಹುತೇಕ ನಾಯಿಗಳಿಗೆ ಒಂದಲ್ಲ ಒಂದು ದಿನ ಪೊರೆ ಬರುವುದುಂಟು. ಈ ರಾಜನನ್ನು ಮನೆಗೆ ಕರೆದೊಯ್ಯುವವರು ದಿನವೂ ಏನು ಮಾಡಬೇಕು?

ಬೆಳಿಗ್ಗೆ ಊಟ ಹಾಕಿ, ಅದು ತಿಂದದ್ದನ್ನು ನೋಡಿ, ಚರ್ಮದಡಿಗೆ ಇನ್ಸುಲಿನ್ ಚುಚ್ಚಬೇಕು. 12 ಗಂಟೆ ಕಳೆದ ಮೇಲೆ ಮತ್ತೆ ಊಟ, ಮತ್ತೆ ಸೂಜಿ. ಭಾನುವಾರವಿಲ್ಲ, ಹಬ್ಬವಿಲ್ಲ, ಮದುವೆ ಮನೆಯ ನೆಪವಿಲ್ಲ. ಸೂಜಿ ಬಲು ಸಣ್ಣದು. ಹೆಚ್ಚಿನ ನಾಯಿಗಳು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಕೈ ನಡುಗುವುದು ಮನುಷ್ಯರಿಗೇ, ಅದೂ ಮೊದಲ ವಾರ. ಸೂಜಿಗಿಂತ ಕಷ್ಟದ ಕೆಲಸ ಬಾಯಿ ಕಾಯುವುದು. ನೆಂಟರು ‘ಪಾಪ’ ಎಂದು ಎಸೆಯುವ ಬಿಸ್ಕತ್ತು, ಯುಗಾದಿಯ ದಿನ ಅಜ್ಜಿ ಎಲೆಯ ಅಂಚಿನಿಂದ ಕೊಡುವ ಹೋಳಿಗೆಯ ತುಂಡು, ಎರಡೂ ರಾಜನ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಊಟ ಬಿಟ್ಟಾಗ ಹಾಕಿದ ಪೂರ್ತಿ ಪ್ರಮಾಣದ ಇನ್ಸುಲಿನ್ ಅದಕ್ಕಿಂತ ಕೆಡುಕು: ಸಕ್ಕರೆ ತೀರಾ ಇಳಿದು ನಾಯಿ ತೂರಾಡುತ್ತದೆ, ನಡುಗುತ್ತದೆ, ಫಿಟ್ಸ್ ಕೂಡ ಬರಬಹುದು. ಆಗ ಒಸಡಿಗೆ ಸ್ವಲ್ಪ ಜೇನು ಸವರಿ ವೈದ್ಯರ ಬಳಿಗೆ ಓಡಬೇಕು. ಇನ್ನೊಂದು ಎಚ್ಚರಿಕೆ: ಇನ್ಸುಲಿನ್ 40 ಯೂನಿಟ್ಟಿನದೂ ಇದೆ, 100 ಯೂನಿಟ್ಟಿನದೂ ಇದೆ. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ. ಅದಲು ಬದಲಾದರೆ ಪ್ರಮಾಣವೇ ತಲೆಕೆಳಗಾಗುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಹಳೆಯ ಸಾಲ ನೆನಪಾಗಬೇಕು. ಮೇದೋಜೀರಕ ಗ್ರಂಥಿಯನ್ನು ತೆಗೆದರೆ ಸಕ್ಕರೆ ಕಾಯಿಲೆ ಬರುತ್ತದೆಂದು 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಕಂಡುಕೊಂಡದ್ದು ನಾಯಿಯಲ್ಲಿ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯ ಸಾರವನ್ನು ಚುಚ್ಚಿ ನೋಡಿದ್ದೂ ನಾಯಿಗಳಿಗೇ. ಅವುಗಳಲ್ಲಿ ಮಾರ್ಜೊರಿ ಎಂಬ ನಾಯಿ ಸುಮಾರು 70 ದಿನ ಬದುಕಿತು. 1922ರ ಜನವರಿಯಲ್ಲಿ ಆ ಔಷಧಿಯನ್ನು ಮೊದಲು ಪಡೆದ ರೋಗಿ ಲಿಯೊನಾರ್ಡ್ ಥಾಂಪ್ಸನ್. ವಯಸ್ಸು 14, ನಮ್ಮ ಒಂಬತ್ತನೇ ತರಗತಿಯ ಹುಡುಗನ ವಯಸ್ಸು. ಇಂದು ನಿಮ್ಮ ಅಜ್ಜ ಬೆಳಿಗ್ಗೆ ತಿಂಡಿಗೆ ಮೊದಲು ಚುಚ್ಚಿಕೊಳ್ಳುವ ಇನ್ಸುಲಿನ್ನಿನ ಹಿಂದೆ ಇಂಥ ನಾಯಿಗಳಿವೆ.

ಅಜ್ಜನ ಮಾತು ಸುಮ್ಮನೆ ಬಂದದ್ದಲ್ಲ. ರಾಜನಿಗೆ ಎಂಥ ಮನೆ ಸರಿ ಎಂದು ಕೇಳಿದರೆ ನಾನು ಮೊದಲು ಹುಡುಕುವುದು ಅಂಥ ಅಜ್ಜ ಇರುವ ಮನೆಯನ್ನೇ. ಅಲ್ಲಿ ಫ್ರಿಜ್ಜಿನಲ್ಲಿ ಇನ್ಸುಲಿನ್ ಈಗಾಗಲೇ ಇದೆ (ನಾಯಿಯದು ಬೇರೆ ಡಬ್ಬಿಯಲ್ಲಿರಲಿ), ಸೂಜಿಯ ಭಯವಿಲ್ಲ, ಊಟದ ಹೊತ್ತು ತಪ್ಪುವುದಿಲ್ಲ, ಹಗಲೆಲ್ಲ ಯಾರಾದರೊಬ್ಬರು ಮನೆಯಲ್ಲಿರುತ್ತಾರೆ. ಸಂಜೆ ನಿಧಾನವಾಗಿ ಬೀದಿಯ ತುದಿಯವರೆಗೆ ನಡೆದು ಬರುವುದು ಇಬ್ಬರಿಗೂ ಒಳ್ಳೆಯದು. ಪ್ರಾಣಿಪ್ರೀತಿಯ ಬಗ್ಗೆ ಉದ್ದುದ್ದ ಮಾತಾಡುವ, ಆದರೆ ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ರಾತ್ರಿ ಒಂಬತ್ತಕ್ಕೆ ಮರಳುವ ದಂಪತಿಯ ಮನೆಗಿಂತ, ನಾಯಿಯ ವಿಷಯದಲ್ಲಿ ಅಷ್ಟೇನೂ ಭಾವುಕರಲ್ಲದ ಈ ಮನೆಯೇ ರಾಜನಿಗೆ ಮೇಲು. ಕನಿಕರ ಎರಡನೇ ವಾರಕ್ಕೆ ಸುಸ್ತಾಗುತ್ತದೆ. ದಿನಚರಿ ಸುಸ್ತಾಗುವುದಿಲ್ಲ.

ಬೇರೆ ಕಾಯಿಲೆಗಳಿಗೆ ಬೇರೆ ಮನೆ. ಕೀಲುನೋವಿನ ನಾಯಿಗೆ ಮೂರನೇ ಮಹಡಿಯ ಮೆಟ್ಟಿಲು ಬೇಡ. ಜಾರುವ ಟೈಲ್ಸ್ ನೆಲದ ಮೇಲೆ ಹಳೆಯ ಜಮಖಾನ ಹಾಸಿದರೆ ಅರ್ಧ ಕಷ್ಟ ಕಡಿಮೆ. ಕುರುಡು ನಾಯಿ ಮನೆಯ ನಕ್ಷೆಯನ್ನು ವಾಸನೆಯಿಂದಲೇ ಕಲಿತುಬಿಡುತ್ತದೆ. ಮಂಚ, ಕುರ್ಚಿಗಳನ್ನು ಎಳೆದಾಡದ ಮನೆಯಾದರೆ ಸಾಕು. ಮೂತ್ರಪಿಂಡ ಸೋತ ನಾಯಿಗೆ ಸದಾ ನೀರು, ವೈದ್ಯರು ಹೇಳಿದ ಆಹಾರ. ಹೃದಯದ ತೊಂದರೆಯಿರುವುದಕ್ಕೆ ದೀಪಾವಳಿಯ ಪಟಾಕಿಯೇ ಶತ್ರು. ಎಲ್ಲಕ್ಕೂ ಅನ್ವಯಿಸುವ ಒಂದು ಮಾತು: ನೋವಿಗೆಂದು ನೀವು ನುಂಗುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಮಾತ್ರೆಗಳನ್ನು ನಾಯಿಯ ಬಾಯಿಗೆ ಹಾಕಬೇಡಿ, ಅವು ಅದಕ್ಕೆ ವಿಷವಾಗಬಲ್ಲವು.

ಮುಚ್ಚಿಡಬೇಡಿ

2022ರಲ್ಲಿ ಬಂದ ‘777 ಚಾರ್ಲಿ’ ಚಿತ್ರ ನೋಡಿ ಕಣ್ಣೊರೆಸಿಕೊಂಡವರು ನಮ್ಮಲ್ಲಿ ಬಹಳ. ಅದರ ಚಾರ್ಲಿ ಕ್ಯಾನ್ಸರ್ ಆದ ನಾಯಿ. ಚಿತ್ರಮಂದಿರದಲ್ಲಿ ಅತ್ತ ಮಾತ್ರಕ್ಕೆ ಔಷಧಿಯ ಚೀಟಿ ಹಿಡಿದ ನಾಯಿಯನ್ನು ಮನೆಗೆ ತರುವ ಧೈರ್ಯ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಧೈರ್ಯ ಬರುವುದು ವಿಷಯ ಪೂರ್ತಿ ಗೊತ್ತಾದಾಗ.

ನಾಯಿಗೆ ಮನೆ ಹುಡುಕುವವರು ಸಾಮಾನ್ಯವಾಗಿ ‘ಮುದ್ದಾದ ನಾಯಿ, ಸ್ವಲ್ಪ ಆರೈಕೆ ಬೇಕು’ ಎಂದು ಬರೆಯುತ್ತಾರೆ. ಇದು ಹೆಣ್ಣಿನ ಕಡೆಯವರು ಗಂಡಿನ ಸಂಬಳ ವಿಚಾರಿಸಿದಾಗ ‘ತಕ್ಕಮಟ್ಟಿಗೆ’ ಎಂದಂತೆ. ಕಾಯಿಲೆ ಮೂರನೇ ದಿನ ಹೊರಬೀಳುತ್ತದೆ, ನಾಯಿ ನಾಲ್ಕನೇ ದಿನ ಹಿಂದಕ್ಕೆ ಬರುತ್ತದೆ. ಬದಲಿಗೆ ಹೀಗೆ ಬರೆದು ನೋಡಿ: ‘ರಾಜ, ಸುಮಾರು 10 ವರ್ಷ. ದಿನಕ್ಕೆರಡು ಇನ್ಸುಲಿನ್, ಹೊತ್ತಿಗೆ ಸರಿಯಾಗಿ. ಕಣ್ಣು ಕಾಣುವುದಿಲ್ಲ. ಮನೆಯೊಳಗೆ ಗಲೀಜು ಮಾಡುವುದಿಲ್ಲ, ಚಪ್ಪಲಿ ಕಚ್ಚುವುದಿಲ್ಲ. ಮಕ್ಕಳೆಂದರೆ ಇಷ್ಟ, ಬೆಕ್ಕೆಂದರೆ ಇಲ್ಲ. ರೇಡಿಯೊ ಹಾಕಿದರೆ ಅದರ ಪಕ್ಕದಲ್ಲೇ ಮಲಗುತ್ತದೆ. ತಿಂಗಳ ಔಷಧಿ ಖರ್ಚಿನ ಲೆಕ್ಕ ಜತೆಗಿದೆ.’ ಇದನ್ನು ಓದಿ ಹತ್ತರಲ್ಲಿ ಒಂಬತ್ತು ಜನ ಹಿಂದೆ ಸರಿಯಬಹುದು. ಬೇಕಾಗಿರುವುದು ಹತ್ತನೆಯವರು.

ವಿದ್ಯಾರ್ಥಿಗಳು ಕೈಹಾಕಬಹುದಾದ ಕೆಲಸ ಇದೇ. ಹೆತ್ತವರ ಒಪ್ಪಿಗೆಯಿಂದ, ಅವರ ಜತೆಯಲ್ಲೇ ಹೋಗಿ ಆಶ್ರಯ ಕೇಂದ್ರದ ಒಂದೇ ಒಂದು ಮುದಿ ನಾಯಿಯೊಂದಿಗೆ ನಾಲ್ಕು ಭಾನುವಾರ ಕಳೆಯಿರಿ. ಮೈ ಬಾಚಿ, ನಡೆಸಿ. ಅದು ಯಾವುದಕ್ಕೆ ಹೆದರುತ್ತದೆ, ಯಾರ ಕೈಯಿಂದ ತಿನ್ನುತ್ತದೆ ಎಂದು ಗುರುತು ಹಾಕಿಕೊಳ್ಳಿ. ಗೂಡಿನ ಸರಳುಗಳ ಹಿಂದೆ ನಿಲ್ಲಿಸಿ ಅಲ್ಲ, ಹೊರಗೆ ಬೆಳಕಿನಲ್ಲಿ ಕೂರಿಸಿ, ನೀವೂ ನೆಲದ ಮೇಲೆ ಕೂತು ಅದರ ಕಣ್ಣಿನ ಎತ್ತರದಿಂದ ಒಂದು ಫೋಟೊ ತೆಗೆಯಿರಿ. ನೂರಾರು ನಾಯಿಗಳನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಇಷ್ಟು ಪುರಸೊತ್ತು ಎಲ್ಲಿ?

ಬೆಂಗಳೂರಿನಲ್ಲಿ ಇಂಥ ಕೆಲಸಕ್ಕೆ ಒಂದು ಪರಂಪರೆಯೇ ಇದೆ. 1991ರಲ್ಲಿ ಇಲ್ಲಿ ‘ಕ್ಯೂಪಾ’ ಸಂಸ್ಥೆಯನ್ನು ಆರಂಭಿಸಿದ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆಗೆ ಆಗಲೇ ಎಂಬತ್ತು ದಾಟಿತ್ತು. ಅದಕ್ಕೆ ಮೊದಲು ದೆಹಲಿ, ಜೈಪುರಗಳಲ್ಲೂ ಅವರು ಆಶ್ರಯ ಕೇಂದ್ರ ಕಟ್ಟಿದ್ದರು. ಮುಪ್ಪು ಎಂದರೆ ಮೂಲೆ ಸೇರುವುದು ಎಂದು ನಂಬದವರು! ಚಿಕಿತ್ಸೆಯ ಖರ್ಚಿಗೆ ಹೆದರುವವರು ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ವಿಚಾರಿಸಬಹುದು. ಔಷಧಿಯ ಖರ್ಚನ್ನು ಆಶ್ರಯ ಕೇಂದ್ರ ಹೊತ್ತು, ಮನೆಯವರು ಜಾಗ ಮತ್ತು ಸಮಯ ಕೊಡುವ ಒಪ್ಪಂದವೂ ಸಾಧ್ಯ, ನಾಚಿಕೆಯಿಲ್ಲದೆ ಕೇಳಬೇಕು. ‘ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಯಿಗೆ ಅವಕಾಶವಿಲ್ಲ’ ಎನ್ನುವವರಿಗೆ ಒಂದು ಮಾತು: ನಿವಾಸಿಗಳ ಸಂಘಗಳು ಸಾಕುನಾಯಿಗೆ ನಿಷೇಧ ಹೇರುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ.

ಮನೆಯಲ್ಲಿ ಮಾತಾಡಿಕೊಳ್ಳಿ

ಮಕ್ಕಳಿರುವ ಮನೆಗೆ ಮುದಿ ನಾಯಿ ತರುವುದು ಸರಿಯೇ ಎಂದು ಹಿಂಜರಿಯುವ ತಾಯಂದಿರಿದ್ದಾರೆ. ಅವರ ಅಳುಕು ಸುಳ್ಳಲ್ಲ. ನಾಯಿ ಎರಡು ವರ್ಷ ಇರಬಹುದು, ಆರು ತಿಂಗಳೂ ಇರಬಹುದು. ಮಗು ಅದನ್ನು ಹಚ್ಚಿಕೊಂಡ ಮೇಲೆ ಅದು ಹೋಗುತ್ತದೆ. ಈ ಮಾತನ್ನು ನಾಯಿ ಬರುವುದಕ್ಕೆ ಮೊದಲೇ ಮಗುವಿಗೆ ಹೇಳಬೇಕು. ಚಿಕಿತ್ಸೆ ಇನ್ನು ಹಿಂಸೆಯೇ ಎಂದು ವೈದ್ಯರು ಹೇಳಿದ ದಿನ ದಯಾಮರಣದ ತೀರ್ಮಾನ ಯಾರದು ಎಂಬುದನ್ನೂ ದೊಡ್ಡವರು ಮೊದಲೇ ಮಾತಾಡಿಕೊಳ್ಳಬೇಕು. ‘ನಾಯಿ ತೋಟಕ್ಕೆ ಹೋಯಿತು’ ಎಂಬ ಸುಳ್ಳನ್ನು ಏಳನೇ ತರಗತಿಯ ಮಗು ನಂಬುವುದಿಲ್ಲ. ಆದರೆ ಹಿಂದಿನ ಲೆಕ್ಕ ಇಲ್ಲಿ ನಿಮ್ಮ ಪರವಾಗಿದೆ. ಎಂಟನೇ ತರಗತಿಯ ಹುಡುಗಿ ಇಂದು ಕರೆತಂದ ಮುದಿ ನಾಯಿ, ಆಕೆ ಕಾಲೇಜಿಗೆಂದು ಬೇರೆ ಊರಿಗೆ ಹೊರಡುವ ಕಾಲದವರೆಗೆ ಕಾಯುವ ಸಂಭವ ಕಡಿಮೆ. ಅದನ್ನು ಕೊನೆಯವರೆಗೆ ನೋಡಿಕೊಳ್ಳಲು ಅವಳು ಮನೆಯಲ್ಲಿರುತ್ತಾಳೆ. ಸೂಜಿಯ ಹೊಣೆ ಮಾತ್ರ ದೊಡ್ಡವರದೇ ಆಗಿರಲಿ. ಮಾರ್ಚ್ ತಿಂಗಳ ಪರೀಕ್ಷೆಯ ಬೆಳಿಗ್ಗೆ ಅದು ಮಗುವಿನ ತಲೆಯ ಮೇಲೆ ಇರಬಾರದು.

ಒಪ್ಪಿಗೆಯಾದರೆ ಶನಿವಾರ ಬೆಳಿಗ್ಗೆ ಕರೆತನ್ನಿ, ಎರಡು ದಿನ ಎಲ್ಲರೂ ಮನೆಯಲ್ಲಿರುತ್ತೀರಿ. ರೇಬಿಸ್ ಲಸಿಕೆಯ ದಾಖಲೆ, ಔಷಧಿಯ ಚೀಟಿ, ಮುಂದಿನ ತಪಾಸಣೆಯ ದಿನ ಇಷ್ಟನ್ನೂ ಕೇಳಿ ಪಡೆಯಿರಿ. ಅಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಮೊದಲ ವಾರ ಮುಂದುವರಿಸಿ. ನೆರೆಯವರನ್ನೆಲ್ಲ ಕರೆದು ತೋರಿಸುವ ಸಂಭ್ರಮ ಸದ್ಯಕ್ಕೆ ಬೇಡ. ಮೂರು ದಿನ ಅದು ಮೂಲೆ ಬಿಟ್ಟು ಏಳದಿದ್ದರೂ, ಊಟ, ನೀರು, ಔಷಧಿ ಸರಿಯಾಗಿ ನಡೆಯುತ್ತಿದ್ದರೆ ಗಾಬರಿಯಾಗಬೇಡಿ. ಅದು ಮಲಗುತ್ತಿದ್ದ ಹಳೆಯ ಬೆಡ್‌ಶೀಟನ್ನು ಕೇಂದ್ರದಿಂದ ಕೇಳಿ ತಂದು ಮಲಗುವ ಜಾಗದಲ್ಲಿ ಹಾಸಿ. ಎಷ್ಟೇ ವಾಸನೆ ಬರುತ್ತಿದ್ದರೂ ಮೊದಲ ವಾರ ಅದನ್ನು ಒಗೆಯಬೇಡಿ.