ಹಳೆಯ ಸೈಕಲಿಗೆ ಮೊದಲ ವೆಚ್ಚ

ಪ್ರಶ್ನೆ: ಬಹುಕಾಲದ ಮೇಲೆ ಮತ್ತೆ ಸೈಕಲ್ ತುಳಿಯಹೊರಟಿದ್ದೇನೆ. ನನ್ನ ಅಗ್ಗದ ರೋಡ್ ಬೈಕಿನಲ್ಲಿ ಮೊದಲು ಏನನ್ನು ಬದಲಿಸಲಿ?

ಉತ್ತರ: ಹಗುರವಾದ ಚಕ್ರಗಳ ಮೋಹವನ್ನು ಸದ್ಯಕ್ಕೆ ತೊರೆದು, 23 ಮಿಲಿಮೀಟರಿನ ಹಳೆಯ ಟಯರುಗಳನ್ನು ಕಳಚಿ, ಫೋರ್ಕು ಬ್ರೇಕುಗಳ ನಡುವೆ ಅವಕಾಶವಿದ್ದಲ್ಲಿ 28 ಮಿಲಿಮೀಟರಿನವನ್ನು ತೊಡಿಸಿ, ತುಸು ಕಡಮೆ ಒತ್ತಡದಲ್ಲಿ ಗಾಳಿ ತುಂಬಿದರೆ, ರಸ್ತೆಯ ಕರ್ಕಶತೆಯು ಬಹುಮಟ್ಟಿಗೆ ಶಮನವಾಗುವುದು. ಗಡುಸಾದ ಬ್ರೇಕ್ ರಬ್ಬರುಗಳನ್ನು ನಿರ್ದಾಕ್ಷಿಣ್ಯವಾಗಿ ಬಿಸುಡಿ. ಚೈನಿನ 24 ಕೊಂಡಿಗಳನ್ನು ಅಳೆದುನೋಡಿ. ಹೊಸದರಲ್ಲಿ ಸರಿಯಾಗಿ 12 ಅಂಗುಲವಿರುವ ಆ ಉದ್ದವು ಅಂಗುಲದ 1/16 ಭಾಗದಷ್ಟು ಹೆಚ್ಚಿದ್ದರೆ, ಹಲ್ಲುಚಕ್ರಗಳನ್ನೂ ಸವೆಸುವ ಮುನ್ನವೇ ಅದನ್ನು ಬದಲಿಸತಕ್ಕದ್ದು. ಉಡುಪಿನಲ್ಲಿ ಪ್ಯಾಡ್ ಹೊಲಿದ ಚಡ್ಡಿಯೇ ಅಗ್ರಗಣ್ಯ. ಹೇಳಲು ಸಂಕೋಚವಾದರೂ, ಅದರೊಳಗೆ ಬೇರೆ ಒಳಉಡುಪು ಕೂಡದು. ಒಮ್ಮೆ ಪೆಟ್ಟುಂಡ ಹೆಲ್ಮೆಟ್ಟು ನೋಟಕ್ಕೆ ಎಷ್ಟೇ ಅಖಂಡವಾಗಿರಲಿ, ಮತ್ತೆ ತಲೆಗೇರಿಸದೆ ಹೊಸದನ್ನೇ ಕೊಳ್ಳಿ.