ಅಂಗೈ ಮೇಲೊಂದು ಗೂಡ್ಸ್ ವ್ಯಾಗನ್

ರೈಲ್ವೆ ಗೇಟು ಬಿದ್ದಾಗ ಗೂಡ್ಸ್ ರೈಲಿನ ವ್ಯಾಗನ್‌ಗಳನ್ನು ಎಣಿಸದ ಮಕ್ಕಳುಂಟೇ? ಗೇಟು ತೆರೆದ ಮೇಲೆ ಅವುಗಳ ನೆನಪು ಯಾರಿಗೂ ಇರುವುದಿಲ್ಲ. ಆದರೆ ಅಂಥದೇ ವ್ಯಾಗನ್ನನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಮಾಡಿ, ಅದರ ಏಣಿ, ಹಿಡಿಕೆ, ಬ್ರೇಕಿನ ಕೊಳವೆಗಳನ್ನು ಒಂದೊಂದಾಗಿ ಜೋಡಿಸುತ್ತ ಸಂಜೆಗಳನ್ನು ಕಳೆಯುವ ಜನ ಅಮೆರಿಕದಲ್ಲಿದ್ದಾರೆ. ಅವರ ಪಾಲಿಗೆ ಎಂಜಿನ್ನಿಗಿಂತ ಅದರ ಹಿಂದೆ ಬರುವ ಸರಕಿನ ಪೆಟ್ಟಿಗೆಯೇ ಮುಖ್ಯ.

ಇದು ಬರೀ ಹುಡುಗರ ಆಟವಲ್ಲ. ಮಾದರಿ ರೈಲಿನ ಹವ್ಯಾಸಿಗಳು 1935ರಲ್ಲಿ ಮಿಲ್ವಾಕಿ ನಗರದಲ್ಲಿ ಸೇರಿ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಕೊಂಡರು. ಒಬ್ಬರು ಮಾಡಿದ ವ್ಯಾಗನ್ ಮತ್ತೊಬ್ಬರ ಹಳಿಯ ಮೇಲೆ ಓಡಬೇಕಾದರೆ ಚಕ್ರ, ಹಳಿಗಳ ಅಳತೆ ಒಂದೇ ಇರಬೇಕಲ್ಲವೇ? ಅದನ್ನು ಗೊತ್ತುಪಡಿಸಿದ್ದು ಈ ಸಂಘ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣಕ್ಕೆ ‘ಎಚ್‌ಒ’ ಎಂದು ಹೆಸರು. ನಿಜವಾದ ವ್ಯಾಗನ್ನಿನ ಒಂದು ಅಡಿ ಇಲ್ಲಿ 3.5 ಮಿ.ಮೀ.; ಅಂದರೆ 87ರಲ್ಲಿ ಒಂದು ಪಾಲು. ಅಮೆರಿಕದ ಹಳಿಗಳ ನಡುವಿನ ಅಂತರ 1,435 ಮಿ.ಮೀ. ಆದರೆ ಮಾದರಿಯಲ್ಲಿ ಅದು 16.5 ಮಿ.ಮೀ. ‘ಬಾಕ್ಸ್‌ಕಾರ್’ ಎಂದು ಕರೆಯುವ 40 ಅಡಿಯ ಮುಚ್ಚಿದ ವ್ಯಾಗನ್ ಐದೂವರೆ ಅಂಗುಲಕ್ಕೆ ಇಳಿಯುತ್ತದೆ.

ತೂಕದ ಲೆಕ್ಕ

ಇಲ್ಲೊಂದು ಸ್ವಾರಸ್ಯವಿದೆ. ಉದ್ದ 87 ಪಟ್ಟು ಕಡಿಮೆಯಾದರೆ ತೂಕ ಎಷ್ಟು ಕಡಿಮೆಯಾಗಬೇಕು? ಅದೂ 87 ಪಟ್ಟು ಎಂದವರು ಎಡವಿದರು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ಗಾತ್ರವು 87ರ ಘನದಷ್ಟು, ಅಂದರೆ 6,58,503 ಪಟ್ಟು ಕುಗ್ಗುತ್ತದೆ. ಸುಮಾರು 20 ಟನ್ ತೂಗುವ ಖಾಲಿ ಬಾಕ್ಸ್‌ಕಾರ್ ಈ ಲೆಕ್ಕದಲ್ಲಿ ಬರೀ 30 ಗ್ರಾಂ! ಅಷ್ಟು ಹಗುರವಾದರೆ ಅದು ತಿರುವಿನಲ್ಲಿ ಉದ್ದನೆಯ ಸಾಲಿನ ಎಳೆತಕ್ಕೆ ಸಿಕ್ಕಿ, ಒಳಬದಿಗೆ ವಾಲಿ, ಹಳಿ ತಪ್ಪುತ್ತದೆ. ಆದ್ದರಿಂದ ಸಂಘದ ಶಿಫಾರಸು ಹೀಗಿದೆ: ಮೊದಲಿಗೆ ಒಂದು ಔನ್ಸ್, ಅದರ ಮೇಲೆ ಪ್ರತಿ ಅಂಗುಲ ಉದ್ದಕ್ಕೆ ಅರ್ಧ ಔನ್ಸ್. ಐದೂವರೆ ಅಂಗುಲದ ವ್ಯಾಗನ್ನಿಗೆ ಇದು ಸುಮಾರು 106 ಗ್ರಾಂ ಆಯಿತು. ನಿಜವಾದ ವ್ಯಾಗನ್ನಿಗೆ 50 ಟನ್ ಸರಕು ತುಂಬಿ ಕುಗ್ಗಿಸಿದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಕಿಟ್ಟಿನ ಜತೆ ಬರುವ ಉಕ್ಕಿನ ಪಟ್ಟಿಯನ್ನು ತಳಕ್ಕೆ ಕೂರಿಸುವುದು ಇದಕ್ಕಾಗಿಯೇ. ಭಾರ ತಳದಲ್ಲಿದ್ದರೆ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ. ವ್ಯಾಗನ್ ಸುಲಭವಾಗಿ ಉರುಳುವುದಿಲ್ಲ.

ಕಿಟ್ ಬಿಚ್ಚಿದಾಗ

ಕಿಟ್ ಎಂದರೆ ರಟ್ಟಿನ ಪೆಟ್ಟಿಗೆಯೊಳಗೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಒಡಲು, ತಳ, ಬಾಗಿಲು, ಚಕ್ರಗಳು, ತೂಕದ ಪಟ್ಟಿ. ಆಥರ್ನ್ ಕಂಪನಿಯ ನೀಲಿ ಪೆಟ್ಟಿಗೆಗಳು ದಶಕಗಳ ಕಾಲ ಇದಕ್ಕೆ ಹೆಸರಾಗಿದ್ದವು. ಭಾಗಗಳನ್ನು ಕೂಡಿಸಲು ಬಳಸುವುದು ಗೋಂದಿನಂಥ ಅಂಟಲ್ಲ, ದ್ರಾವಕ. ಕುಂಚದ ತುದಿಯಿಂದ ಸಂದಿಗೆ ಮುಟ್ಟಿಸಿದರೆ ಅದು ಎರಡೂ ಬದಿಯ ಪ್ಲಾಸ್ಟಿಕ್ಕನ್ನು ತುಸು ಕರಗಿಸುತ್ತದೆ. ದ್ರಾವಕ ಆವಿಯಾದಾಗ ಎರಡೂ ಸೇರಿ ಒಂದೇ ತುಂಡು! ಕಿಟಕಿ ತೆರೆದಿಟ್ಟು ಮಾಡಬೇಕಾದ ಕೆಲಸ ಇದು.

ಪಳಗಿದ ಹವ್ಯಾಸಿಗಳಿಗೆ ಇಷ್ಟು ಸಾಲದು. ಅಗ್ಗದ ಕಿಟ್‌ಗಳಲ್ಲಿ ಏಣಿ, ಹಿಡಿಕೆಗಳು ಒಡಲಿಗೇ ಅಂಟಿಕೊಂಡು ಎರಕವಾಗಿರುತ್ತವೆ. ಗೋಡೆಗೂ ಹಿಡಿಕೆಗೂ ನಡುವೆ ಸಂದಿಯೇ ಇರುವುದಿಲ್ಲ. ಅವರು ಅದನ್ನು ಉಳಿಯಂಥ ಬ್ಲೇಡಿನಿಂದ ಹೆರೆದು ತೆಗೆಯುತ್ತಾರೆ. ಪುಟ್ಟ ಕೈಬೈರಿಗೆಯನ್ನು ಬೆರಳುಗಳ ನಡುವೆ ತಿರುಗಿಸಿ ಕೂದಲೆಳೆಯಂಥ ತೂತು ಕೊರೆದು, 0.3 ಮಿ.ಮೀ. ದಪ್ಪದ ತಂತಿ ಬಗ್ಗಿಸಿ ಕೂರಿಸುತ್ತಾರೆ. ತಳದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಬ್ರೇಕಿನ ಸಿಲಿಂಡರು, ಗಾಳಿತೊಟ್ಟಿ, ಕವಾಟಗಳನ್ನಿಟ್ಟು ಕೊಳವೆ ಎಳೆಯುತ್ತಾರೆ. ಆಮೇಲೆ ಬಣ್ಣ, ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಅಕ್ಷರಗಳು, ಕೊನೆಗೆ ತುಕ್ಕು, ಧೂಳುಗಳ ಬದಲಿಗೆ ಬಣ್ಣದ ಸೀಮೆಸುಣ್ಣದ ಪುಡಿ.

ಹಿಡಿಕೆಯ ಹಿಂದಿನ ಕಥೆ

ಇಷ್ಟು ಸಣ್ಣ ತಂತಿಗಾಗಿ ಇಷ್ಟೊಂದು ಪಾಡೇಕೆ? ಉತ್ತರ ರೈಲ್ವೆಯ ಇತಿಹಾಸದಲ್ಲಿದೆ. 19ನೇ ಶತಮಾನದ ಅಮೆರಿಕದಲ್ಲಿ ವ್ಯಾಗನ್‌ಗಳನ್ನು ಕೂಡಿಸುತ್ತಿದ್ದುದು ಕಬ್ಬಿಣದ ಕೊಂಡಿ ಮತ್ತು ಗೂಟದಿಂದ. ವ್ಯಾಗನ್ ಹತ್ತಿರ ಬರುತ್ತಿರುವಾಗಲೇ ಬ್ರೇಕ್‌ಮನ್ ನಡುವೆ ನಿಂತು, ಕೊಂಡಿಯನ್ನು ಕೈಯಲ್ಲಿ ಹಿಡಿದು, ಸರಿಯಾದ ಕ್ಷಣಕ್ಕೆ ಗೂಟ ಇಳಿಸಬೇಕಿತ್ತು. ತಡವಾದರೆ ಬೆರಳು ಹೋಯಿತು, ಕಾಲು ಜಾರಿದರೆ ಜೀವವೇ ಹೋಯಿತು. ಬ್ರೇಕ್ ಹಾಕುವುದೂ ಅವನದೇ ಕೆಲಸ. ಓಡುವ ರೈಲಿನ ಚಾವಣಿಯ ಮೇಲೆ, ಹಿಮವಿರಲಿ ಮಳೆಯಿರಲಿ, ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ದಾಟುತ್ತ ಬ್ರೇಕ್ ಚಕ್ರಗಳನ್ನು ತಿರುಗಿಸಬೇಕಿತ್ತು.

ಪರಿಹಾರ ಇರಲಿಲ್ಲವೆಂದಲ್ಲ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿ ಬ್ರೇಕಿಗೂ, ಈಲೈ ಜಾನಿ 1873ರಲ್ಲಿ ತಾನಾಗಿ ಕೂಡಿಕೊಳ್ಳುವ ಕಪ್ಲರಿಗೂ ಪೇಟೆಂಟ್ ಪಡೆದಿದ್ದರು. ಮಡಚಿದ ಬೆರಳುಗಳು ಒಂದಕ್ಕೊಂದು ಸಿಕ್ಕಿಕೊಂಡಂತೆ ಕಾಣುವ ಈ ಕಪ್ಲರಿನ ಸಂತತಿಯನ್ನು ಇಂದು ಭಾರತದ ಗೂಡ್ಸ್ ರೈಲುಗಳಲ್ಲೂ ನೋಡಬಹುದು. ಆದರೆ ರೈಲು ಕಂಪನಿಗಳು ಖರ್ಚಿಗೆ ಹೆದರಿ ಮೀನಮೇಷ ಎಣಿಸಿದವು. ಅಯೋವಾದ ಲೊರೆಂಜೊ ಕಾಫಿನ್ ಎಂಬಾತ 1874ರಲ್ಲಿ ಬ್ರೇಕ್‌ಮನ್ ಒಬ್ಬನ ಬೆರಳುಗಳು ತುಂಡಾದುದನ್ನು ಕಣ್ಣಾರೆ ಕಂಡು, ಅಂದಿನಿಂದ ಇದರ ಬೆನ್ನು ಬಿಡಲಿಲ್ಲ. ಕೊನೆಗೆ 1893ರ ಮಾರ್ಚ್ 2ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸಹಿಯೊಂದಿಗೆ ರೈಲ್ವೆ ಸುರಕ್ಷೆಯ ಕಾನೂನು ಬಂತು. ಕಪ್ಲರ್, ಗಾಳಿ ಬ್ರೇಕುಗಳ ಜತೆಗೆ ವ್ಯಾಗನ್ನಿನ ಬದಿ ಮತ್ತು ತುದಿಗಳಲ್ಲಿ ಹಿಡಿಕೆಗಳಿರಲೇಬೇಕೆಂದು ಅದು ವಿಧಿಸಿತು. 1910ರ ಕಾನೂನು ಏಣಿ, ಮೆಟ್ಟಿಲು, ಚಾವಣಿಯ ಮೇಲಿನ ನಡೆಹಲಗೆಗಳನ್ನೂ ಸೇರಿಸಿತು.

ಗಾಳಿ ಬ್ರೇಕಿನಿಂದಾಗಿ ಚಾವಣಿ ಹತ್ತುವ ಅಗತ್ಯ ಕ್ರಮೇಣ ತಗ್ಗಿತು. 1966ರಿಂದ ಹೊಸ ಬಾಕ್ಸ್‌ಕಾರ್‌ಗಳಿಗೆ ನಡೆಹಲಗೆ ಬೇಡವಾಯಿತು. ಹೀಗಾಗಿ 1950ರ ವ್ಯಾಗನ್ನಿಗೆ ಹಲಗೆ ಮರೆತರೂ ತಪ್ಪು, 1970ರಲ್ಲಿ ತಯಾರಾದುದಕ್ಕೆ ಹಾಕಿದರೂ ತಪ್ಪು. ಬ್ಲೇಡು ಹಿಡಿಯುವ ಮೊದಲು ಹಳೆಯ ಫೋಟೊ, ನಕ್ಷೆಗಳನ್ನು ನೋಡಿ ಇಸವಿ ತಿಳಿಯಬೇಕು.

ಸಿದ್ಧ ಮಾಲಿನ ಕಾಲ

ಮಾದರಿ ವ್ಯಾಗನ್‌ಗಳಿಗೂ ತಾನಾಗಿ ಕೂಡುವ ಕಪ್ಲರ್ ಬಂದಿದೆ. ಕೀತ್ ಮತ್ತು ಡೇಲ್ ಎಡ್ವರ್ಡ್ಸ್ ಎಂಬ ಸೋದರರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದಕ್ಕೆ ‘ಕೇಡಿ’ ಎಂದು ಹೆಸರಿಟ್ಟರು. ಕನ್ನಡದ ಕಿವಿಗೆ ಬೇರೆ ಅರ್ಥ ಕೊಟ್ಟರೂ ಅದು ಸಾಧುವಾದ ಸಾಧನವೇ! ಹಳಿಯಡಿಯ ಅಯಸ್ಕಾಂತದ ಮೇಲೆ ನಿಲ್ಲಿಸಿದರೆ ಅದು ಬಿಚ್ಚಿಕೊಳ್ಳುತ್ತದೆ, ಬೆರಳು ತಾಗಿಸಬೇಕಿಲ್ಲ.

ಇತ್ತೀಚಿನ ವರ್ಷಗಳಲ್ಲಿ ತಂತಿ ಹಿಡಿಕೆ, ಬ್ರೇಕಿನ ಕೊಳವೆಗಳೆಲ್ಲ ಕಾರ್ಖಾನೆಯಲ್ಲೇ ಜೋಡಣೆಯಾಗಿ, ಪೆಟ್ಟಿಗೆ ತೆರೆದೊಡನೆ ಓಡುವ ವ್ಯಾಗನ್‌ಗಳು ಅಂಗಡಿ ತುಂಬಿವೆ. ನೀಲಿ ಪೆಟ್ಟಿಗೆಯ ಕಿಟ್‌ಗಳು ನಿಂತುಹೋಗಿವೆ. ಬೇರೆ ಕಿಟ್‌ಗಳೂ ಮೊದಲಿನಷ್ಟಿಲ್ಲ. ಸಿದ್ಧ ಮಾಲು ನೋಡಲು ಅಂದವೇ, ಅನುಮಾನವಿಲ್ಲ. ಆದರೆ ಕೊಂಡವರಿಗೆ ಹಿಡಿಕೆ ಒಂದು ಅಲಂಕಾರ. ತಂತಿ ಬಗ್ಗಿಸಿ ತಾವೇ ಕೂರಿಸಿದವರಿಗೆ ಮಾತ್ರ ಅದು ಆ ಎತ್ತರದಲ್ಲೇ ಏಕಿದೆ, ಯಾರ ಕೈಗಾಗಿ ಬಂತು ಎಂಬುದು ಗೊತ್ತು.