ಕಾರು ಹೇಳಿದ ಚಾಡಿ

ನೀವು ಗಕ್ಕನೆ ಬ್ರೇಕ್ ಒತ್ತಿದ್ದು ಯಾರಿಗೆ ಗೊತ್ತು? ಪಕ್ಕದಲ್ಲಿ ಕೂತವರಿಗೆ. ಮತ್ತೆ, ಕಾರಿಗೆ!

ಅಮೆರಿಕದಲ್ಲಿ ಷೆವರ್ಲೆ ಬೋಲ್ಟ್ ಓಡಿಸುತ್ತಿದ್ದ ಒಬ್ಬರ ವಿಮೆ ಕಂತು ಶೇ 21ರಷ್ಟು ಏರಿತು. ಯಾಕೆ ಅಂತ ಕೆದಕಿದರೆ ಸಿಕ್ಕಿದ್ದು 258 ಪುಟಗಳ ವರದಿ. ಆರು ತಿಂಗಳಲ್ಲಿ 640 ಓಡಾಟ. ಹೊರಟ ಹೊತ್ತು, ಕ್ರಮಿಸಿದ ದೂರ, ಮಿತಿಮೀರಿದ ವೇಗ, ಒತ್ತಿದ ಬ್ರೇಕ್, ಎಲ್ಲಾ ಇದೆ. ಎಲ್ಲಿಗೆ ಹೋದರು ಅನ್ನೋದೊಂದು ಇಲ್ಲ, ಪುಣ್ಯ!

ಈ ಮಾಹಿತಿ ಹೋಗಿದ್ದು ಕಾರಿನಿಂದ ಅದರ ತಯಾರಕ ಜನರಲ್ ಮೋಟಾರ್ಸ್‌ಗೆ, ಅಲ್ಲಿಂದ ಮಾಹಿತಿ ಮಾರುವ ಲೆಕ್ಸಿಸ್‌ನೆಕ್ಸಿಸ್‌ಗೆ, ಅಲ್ಲಿಂದ ವಿಮಾ ಕಂಪನಿಗೆ. ಮೊದಲೆಲ್ಲ ಕಾರು ಮಾರಿದರೆ ಮುಗೀತು, ಆಮೇಲೆ ಸರ್ವಿಸ್ ಅಷ್ಟೇ. ಈಗ ಓಡಿಸೋ ರೀತಿಯೂ ಸರಕು.

2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬಯಲಿಗೆಳೆಯಿತು. ಕೆಲವೇ ದಿನಗಳಲ್ಲಿ ಜನರಲ್ ಮೋಟಾರ್ಸ್ ಆ ಮಾಹಿತಿ ಹಂಚೋದನ್ನ ನಿಲ್ಲಿಸಿತು.